ಚಕ್ರದ ಮೇಲಿನ ಕಪ್ಪು ಗೆರೆ

ಕೋಲಾರ
ಭಾನುವಾರ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಗುರುವಾರ ಕೈಸೇರಿತು. ಪೋಸ್ಟ್‌ಮ್ಯಾನ್ ಗೇಟಿನ ಹತ್ತಿರವೇ ನಿಂತು, "ಮೇಡಂ, ಇನ್‌ಲ್ಯಾಂಡ್ ಲೆಟರ್ ಬಂದಿದೆ ನಿಮಗೆ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಪಾಪ, ಅವನಿಗೂ ಅಪರೂಪ. ಬ್ಯಾಂಕಿನ ನೋಟಿಸು, ಎಲ್‌ಐಸಿ ಕವರು, ಲಗ್ನಪತ್ರಿಕೆ ಬಿಟ್ಟರೆ ಕೈಯಲ್ಲಿ ಬರೆದದ್ದು ನಮ್ಮ ಬೀದಿಗೆ ಬಂದು ಎಷ್ಟು ವರ್ಷವಾಯಿತೋ. ನನಗೆ ಮೊದಲು ಖುಷಿಯೇ ಆಯಿತು, ನಮ್ಮ ಪುಟ್ಟಿಯ ಅಕ್ಷರ ಇನ್ನೂ ದುಂಡಗೇ ಇದೆಯಲ್ಲ ಅಂತ. ಕಾಫಿ ಮುಗಿಸಿ ಎರಡನೇ ಸಲ ಓದುವಾಗ ಆ ಖುಷಿ ಇಳಿದುಹೋಯಿತು. ಕೈಯಲ್ಲಿ ಫೋನಿದ್ದೂ ಪೋಸ್ಟಾಫೀಸಿಗೆ ನಡೆದು ಹೋಗಿ ಕಾಗದ ತಂದು ಬರೆದಿದ್ದಾಳೆ ಅಂದರೆ, ಆ ಫೋನು ಅವಳೊಬ್ಬಳದೇ ಅಲ್ಲ ಅಂತ ತಾನೇ.

ಕಾಗದದ ಮೈತುಂಬ ಹೊಸ ಸ್ಮಾರ್ಟ್ ಕರೆಂಟ್ ಮೀಟರಿನ ವಿಚಾರವೇ. ಬಿಲ್ ಜಾಸ್ತಿ ಬರುತ್ತಾ, ದುಡ್ಡೆಷ್ಟು ಬೀಳುತ್ತೆ, ಗೃಹಜ್ಯೋತಿ ನಿಂತುಹೋಗುತ್ತಾ, ಭಾವನವರು ಹಾಕಿಸಿ ಹಾಕಿಸಿ ಅಂತ ಒಂದೇ ಸಮ ಹೇಳುತ್ತಿದ್ದಾರೆ, ಏನು ಮಾಡಲಿ ದೊಡ್ಡಮ್ಮ. ಎಲ್ಲಾ ಸರಿ. ಆದರೆ ಅಂಟು ಹಾಕುವ ಮಡಿಕೆಯ ಒಳಗೆ, ಇರುವೆ ಸಾಲಿನ ಹಾಗೆ, ಇನ್ನೊಂದು ಮಾತು ಬರೆದಿದ್ದೀಯ. ಕಾಗದ ಬಿಡಿಸುವಾಗ ಅರ್ಧ ಹರಿದೇ ಹೋಗಿತ್ತು, ಕನ್ನಡಕ ಬದಲಾಯಿಸಿ ಕೂಡಿಸಿಕೊಂಡು ಓದಿದೆ. "ನಾನು ರಾತ್ರಿ ಎಷ್ಟು ಹೊತ್ತಿನವರೆಗೆ ದೀಪ ಉರಿಸ್ತೀನಿ ಅನ್ನೋದೂ ಅವರ ಫೋನಿಗೆ ಗೊತ್ತಾಗುತ್ತಂತೆ."

ಮೂರು ದಿನದಿಂದ ಈ ಒಂದು ಸಾಲು ನನ್ನ ಬೆನ್ನು ಬಿಡುತ್ತಿಲ್ಲ.

ಮೊದಲು ಸುಲಭದ್ದನ್ನು ಹೇಳಿ ಮುಗಿಸಿಬಿಡುತ್ತೇನೆ. 2025ರ ಫೆಬ್ರುವರಿಯಿಂದ ನಮ್ಮ ಬೆಸ್ಕಾಂ ಕಡೆ ಹೊಸ ಕನೆಕ್ಷನ್‌ಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಅಂತ ಮಾಡಿದರು. ಮೊದಲು ಸಾವಿರದೊಳಗೆ ಮುಗಿಯುತ್ತಿದ್ದ ಸಿಂಗಲ್ ಫೇಸ್ ಮೀಟರಿಗೆ ಐದು ಸಾವಿರದ ಹತ್ತಿರ ಆಯಿತು, ಅದರ ಮೇಲೆ ಗಲಾಟೆ, ಕೋರ್ಟು, ಎಲ್ಲಾ ನಡೆಯಿತು. ಹಳೇ ಮೀಟರ್ ಇರುವವರು ಬದಲಾಯಿಸಲೇಬೇಕು ಅಂತ ಆಗ ಹೇಳಿರಲಿಲ್ಲ. ಅಂದಮೇಲೆ ಕೆಳಗಿನ ಮನೆಯ ಮೀಟರನ್ನು ಈಗಲೇ ಕೀಳಿಸಿ ಹೊಸದು ಹಾಕಿಸುವ ಆತುರ ನಿಮ್ಮ ಭಾವನದು, ಸರ್ಕಾರದ್ದಲ್ಲ. ನೀವು ಮೇಲಿನ ಮನೆಗೆ ಬೇರೆ ಕನೆಕ್ಷನ್ ತೆಗೆದುಕೊಳ್ಳುವುದಾದರೆ ಅದು ಬೇರೆ ಮಾತು, ಅದಕ್ಕೆ ಆಮೇಲೆ ಬರುತ್ತೇನೆ.

ಹೊಸ ಮೀಟರು ಓಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹಳೇ ಚಕ್ರದ ಮೀಟರುಗಳು ಬೇರಿಂಗ್ ಸವೆದು, ಧೂಳು ಕೂತು, ವಯಸ್ಸಾದ ನನ್ನ ಹಾಗೆ ನಿಧಾನವಾಗಿರುತ್ತವೆ. ಸರಿಯಾಗಿ ಎಣಿಸುವ ಮೀಟರ್ ಬಂದ ತಿಂಗಳು ಬಿಲ್ ಏರಿದ ಹಾಗೆ ಕಾಣುವುದುಂಟು. ಹೊಸದೇ ತಪ್ಪು ತೋರಿಸಬಾರದು ಅಂತೇನಿಲ್ಲ. ಅನುಮಾನ ಬಂದರೆ ದೂರು ಕೊಡಿ. 2024ರ ಕೇಂದ್ರದ ನಿಯಮದ ಪ್ರಕಾರ ದೂರು ಕೊಟ್ಟ ಐದು ದಿನದೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಹಾಕಿ ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು. ಗೃಹಜ್ಯೋತಿ ಹೋಗುವುದಿಲ್ಲ, ಅದಕ್ಕೆ ಬೇಕಾದದ್ದು ಯೂನಿಟ್ಟಿನ ಲೆಕ್ಕ, 200 ದಾಟಿದರೆ ಯಾವ ಮೀಟರಾದರೂ ಪೂರ್ತಿ ಬಿಲ್ಲೇ.

ಇಷ್ಟೇ. ಇದನ್ನೆಲ್ಲ ಕೇಳುವುದಕ್ಕೆ ನೀನು ಕಾಗದ ಬರೆದದ್ದಲ್ಲ ಅಂತ ನನಗೆ ಗೊತ್ತು. ನಿನಗೂ ಗೊತ್ತು.

ನೀನು ಹೆದರಿದ್ದು ಹುಚ್ಚಲ್ಲ. ಹಾಗೆ ಯಾರಾದರೂ ನಕ್ಕಿದ್ದರೆ (ನಿಮ್ಮೆಜಮಾನರು ನಕ್ಕರು ಅಂತ ಕಾಣುತ್ತದೆ, ನೀನು ಬರೆದಿಲ್ಲ) ಅವರಿಗೆ ಇದನ್ನು ಹೇಳು. ಹಳೇ ಮೀಟರು ತಿಂಗಳಿಗೊಂದು ಅಂಕಿ ಕೊಡುತ್ತಿತ್ತು. ಹೊಸದು 15 ನಿಮಿಷಕ್ಕೋ ಅರ್ಧ ಗಂಟೆಗೋ ಒಂದೊಂದು ಅಂಕಿ ಬರೆದಿಟ್ಟುಕೊಳ್ಳುತ್ತದೆ. ದಿನಕ್ಕೆ ಒಂದು ಸಲವಾದರೂ ಅದನ್ನು ದೂರದಿಂದ ಓದಬೇಕು, ಗ್ರಾಹಕರಿಗೂ ತೋರಿಸಬೇಕು ಅಂತ ಕೇಂದ್ರದ ಅದೇ ನಿಯಮಗಳ 2023ರ ತಿದ್ದುಪಡಿಯಲ್ಲೇ ಇದೆ. ಐದು ಗಂಟೆಗೆ ಗೀಸರ್ ಹಾಕಿದರೆ ಆ ಅರ್ಧ ಗಂಟೆಯ ಅಂಕಿ ಗೋಪುರದ ಹಾಗೆ ಎದ್ದು ನಿಲ್ಲುತ್ತದೆ. ಎಲ್ಲರೂ ಊರಿಗೆ ಹೋದ ದಿನ ಫ್ರಿಜ್ಜಿನ ಉಸಿರಾಟ ಒಂದು ಬಿಟ್ಟರೆ ಗೆರೆ ಅಂಗಾತ ಮಲಗಿರುತ್ತದೆ. ಓದಲು ಬರುವವನಿಗೆ ಅದು ಮನೆಯ ದಿನಚರಿಯೇ. ನೆದರ್ಲೆಂಡ್ಸ್‌ನಲ್ಲಿ 2009ರಲ್ಲಿ ಅಲ್ಲಿನ ಮೇಲ್ಮನೆ ಇದೇ ಕಾರಣಕ್ಕೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡುವುದನ್ನು ಒಪ್ಪಲಿಲ್ಲ, ಬೇಡ ಅನ್ನುವವರಿಗೆ ಬೇಡ ಅನ್ನುವ ಹಕ್ಕು ಕೊಟ್ಟ ಮೇಲೇ ಅದು ಮುಂದೆ ಹೋಯಿತು.

ನಮ್ಮಲ್ಲೂ ಆ ಮಾತು ಎತ್ತಿದವರಿದ್ದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 86ರ ವಯಸ್ಸಿನಲ್ಲಿ ಆಧಾರ್ ವಿಚಾರಕ್ಕೆ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿದರು. ಅವತ್ತು ಪೇಪರಿನಲ್ಲಿ ಅವರ ಫೋಟೋ ನೋಡಿ ನಾನು ತುಂಬಾ ಹೊತ್ತು ಯೋಚಿಸುತ್ತಾ ಕೂತಿದ್ದೆ. ಸರ್ಕಾರ ಇಣುಕಿದರೆ ಕೇಳಲಿಕ್ಕೆ ಒಂಬತ್ತು ಜನ ಇದ್ದಾರೆ. ಮನೆಯವರೇ ಇಣುಕಿದರೆ ಯಾವ ಪೀಠಕ್ಕೆ ಹೋಗುವುದು?

ರಾತ್ರಿ ಎಷ್ಟು ಹೊತ್ತಿನವರೆಗೆ ದೀಪ ಉರಿಸುತ್ತೀಯ ಅಂತ ಲೆಕ್ಕ ಇಡುವವರು. ನಿನಗೆ ಇದು ಹೊಸ ಮೀಟರಿನ ಜೊತೆ ಬಂದದ್ದು ಅನ್ನಿಸಿರಬಹುದು. ನಾನು ನೋಡಿದ್ದೇನೆ ಪುಟ್ಟಿ. ಸಿಮ್ಮಿಲ್ಲದ, ಫೋನಿಲ್ಲದ ಮೀಟರಿನಲ್ಲೇ ನೋಡಿದ್ದೇನೆ.

ಮುಳಬಾಗಿಲಿನ ಮನೆ ನಿನಗೆ ಚೆನ್ನಾಗಿ ನೆನಪಿರುತ್ತದೆ, ಬೇಸಿಗೆ ರಜಕ್ಕೆ ಬಂದು ಅಟ್ಟ ಹತ್ತಿದವಳು. ಆದರೆ ನೀನು ಬರುವ ಹೊತ್ತಿಗೆ ನಡುಮನೆಯ ಹಳೇ ಮೀಟರ್ ತೆಗೆದಾಗಿತ್ತು. ಮರದ ಹಲಗೆಯ ಮೇಲೆ, ಎರಡು ಪಿಂಗಾಣಿ ಫ್ಯೂಸಿನ ಪಕ್ಕದಲ್ಲಿ, ಕಪ್ಪಗೆ ದಪ್ಪಗೆ ಕೂತಿತ್ತು. ಮುಂದೆ ಒಂದು ಗಾಜು, ಗಾಜಿನೊಳಗೆ ಅಡ್ಡಡ್ಡ ತಿರುಗುವ ಅಲ್ಯೂಮಿನಿಯಂ ಚಕ್ರ. ಚಕ್ರದ ಅಂಚಿನಲ್ಲಿ ಒಂದೇ ಒಂದು ಕಪ್ಪು ಗೆರೆ. ಚಕ್ರ ಒಂದು ಸುತ್ತು ಬಂದಾಗ ಆ ಗೆರೆ ಒಂದು ಸಲ ಕಣ್ಣಿಗೆ ಬೀಳುತ್ತದೆ.

ನಮ್ಮತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಹೆಬ್ಬೆಟ್ಟು. ಲೆಕ್ಕ ಮಾಡುವುದೂ ತೆಲುಗಿನಲ್ಲೇ, ಒಕಟಿ ರೆಂಡು ಮೂಡು ಅಂತ. ಆದರೆ ಆ ಚಕ್ರವನ್ನು ಅವರು ಓದುತ್ತಿದ್ದರು ಕಣೇ! ರಾತ್ರಿ ಊಟ ಆದ ಮೇಲೆ ಅಡಿಕೆಲೆ ತಟ್ಟೆ ಪಕ್ಕಕ್ಕಿಟ್ಟುಕೊಂಡು ಮೀಟರಿನ ಕೆಳಗೇ ಚಾಪೆ ಹಾಸಿಕೊಳ್ಳುತ್ತಿದ್ದರು. ಕೈಯಲ್ಲಿ ಜಪಮಾಲೆ. ದೇವರ ಗೂಡಿನ ನಂದಾದೀಪದ ಬೆಳಕು ಸರಿಯಾಗಿ ಆ ಗಾಜಿಗೆ ಬೀಳುತ್ತಿತ್ತು. ಒಂದು ಗೆರೆಯಿಂದ ಇನ್ನೊಂದು ಗೆರೆಗೆ ನಲವತ್ತು ಮಣಿ ದಾಟಿದರೆ ಮನೆಯಲ್ಲಿ ಒಂದು ದೀಪ. ಇಪ್ಪತ್ತಕ್ಕೇ ಗೆರೆ ಬಂದುಬಿಟ್ಟರೆ ಎರಡು. ಆಗ ಮಲಗಿದಲ್ಲಿಂದಲೇ ಧ್ವನಿ: "ಹಿಂದಿನ ಕೋಣೇಲಿ ಯಾರಿಗೆ ಹಗಲಾಯ್ತು?"

ಹಿಂದಿನ ಕೋಣೆ ನನ್ನದು. ನಾನು ಆಗ ಬಿ.ಎಸ್ಸಿ. ಕಡೇ ವರ್ಷ ಬಾಕಿ ಇಟ್ಟುಕೊಂಡು ಮದುವೆಯಾಗಿ ಬಂದವಳು. ದೊಡ್ಡಪ್ಪ ಪರೀಕ್ಷೆಗೆ ಫೀಸು ಕಟ್ಟಿದ್ದರು, ಅಷ್ಟು ಒಳ್ಳೆಯವರು, ಆದರೆ ಅಮ್ಮನ ಎದುರು ಬಾಯಿ ಬಿಡುವಷ್ಟು ಒಳ್ಳೆಯವರಲ್ಲ. ಹಗಲು ಪುಸ್ತಕ ಹಿಡಿಯಲು ಬಿಡುವಿಲ್ಲ. ರಾತ್ರಿ ಹಿಡಿದರೆ ಚಕ್ರ ಹೇಳಿಬಿಡುತ್ತದೆ. ನನ್ನ ಮೇಲಿನ ಕೋಪಕ್ಕಿಂತ ಅವರಿಗೆ ಕರೆಂಟಿನ ದುಡ್ಡಿನ ಚಿಂತೆ ಹೆಚ್ಚಿತ್ತೋ ಏನೋ. ಆಗ ಹಾಗನ್ನಿಸಲಿಲ್ಲ. ನಾನು ಉಸಿರಾಡಿದ್ದನ್ನೂ ಯಾರೋ ಗೋಡೆಯಾಚೆ ಮಣಿ ಎಣಿಸಿ ಲೆಕ್ಕ ಇಡುತ್ತಿದ್ದಾರೆ ಅನ್ನಿಸುತ್ತಿತ್ತು. ನಿನ್ನ ಸಾಲು ಓದಿದ ತಕ್ಷಣ ನನಗೆ ಅದೇ ಜಪಮಾಲೆಯ ಕಟಕಟ ಕೇಳಿಸಿದ್ದು.

ಮೀಟರಿನ ಮೇಲೆ 1200 ಸುತ್ತಿಗೆ ಒಂದು ಯೂನಿಟ್ ಅಂತ ಬರೆದಿತ್ತು. ನಾನು ಲೆಕ್ಕ ಹಾಕಿದೆ. 40 ವ್ಯಾಟ್ ಬಲ್ಬು ಒಂದಿದ್ದರೆ ಗಂಟೆಗೆ 48 ಸುತ್ತು, ಒಂದು ಸುತ್ತಿಗೆ 75 ಸೆಕೆಂಡು. ಮುಂದೆ ಮೇಷ್ಟರ ಕೆಲಸಕ್ಕೆ ಸೇರಿ ಇದೇ ಲೆಕ್ಕವನ್ನು ಬೋರ್ಡಿನ ಮೇಲೆ ಎಷ್ಟು ವರ್ಷ ಮಾಡಿಸಿದ್ದೇನೋ. ಮಕ್ಕಳನ್ನು ಆಫೀಸ್ ರೂಮಿನ ಮೀಟರ್ ಮುಂದೆ ನಿಲ್ಲಿಸಿ ಗಡಿಯಾರ ಹಿಡಿಸುತ್ತಿದ್ದೆ. ನಮ್ಮ ಜಿಲ್ಲೆಯ ಮಕ್ಕಳು ಅಂತ ಕೆಜಿಎಫ್ ಕತೆಯನ್ನೂ ಸೇರಿಸುತ್ತಿದ್ದೆ: 1902ರಲ್ಲಿ ಶಿವನಸಮುದ್ರದಿಂದ ಸುಮಾರು 90 ಮೈಲಿ ತಂತಿ ಎಳೆದು ಚಿನ್ನದ ಗಣಿಗೆ ಕರೆಂಟ್ ಕೊಟ್ಟರು, ಬೆಂಗಳೂರಿಗೆ ಅದು ಬಂದದ್ದು ಮೂರು ವರ್ಷದ ಮೇಲೆ, 1905ರಲ್ಲಿ. ನಮ್ಮಜ್ಜಿ ಮನೆ ಮಾಳಿಗೆಯ ಮೇಲೆ ನಿಂತರೆ ಗಣಿಯ ಬೆಳಕು ಆಕಾಶಕ್ಕೆ ಹೊಡೆಯುವುದು ಕಾಣುತ್ತಿತ್ತಲ್ಲ, ಮಾಳಿಗೆಯ ಮೇಲೆ ನಮ್ಮ ಕೈಯಲ್ಲಿ ಲಾಟೀನು. ಎಲ್ಲಿಗೋ ಹೋದೆ. ಕ್ಷಮಿಸು.

ಲೆಕ್ಕ ಹಾಕಿದ ಮೇಲೆ ನನಗೊಂದು ಉಪಾಯ ಹೊಳೆಯಿತು. ಹಿತ್ತಿಲ ಓಣಿಯಲ್ಲಿ ರಾತ್ರಿಯಿಡೀ ಒಂದು ದೀಪ ಉರಿಯಲಿಕ್ಕೆ ಅಪ್ಪಣೆ ಇತ್ತು, ಮಾವನವರು ರಾತ್ರಿ ಎರಡು ಸಲ ಏಳುತ್ತಿದ್ದರಲ್ಲ, ಅದಕ್ಕೆ. ಅದೂ 40 ವ್ಯಾಟು, ನನ್ನ ಕೋಣೆಯದೂ 40. ಆ ಸ್ವಿಚ್ಚು ನನ್ನ ಬಾಗಿಲ ಪಕ್ಕದಲ್ಲೇ ಇತ್ತು. ಅದನ್ನು ಆರಿಸಿ ನನ್ನದು ಹಾಕಿದರೆ ಚಕ್ರದ ನಡಿಗೆ ಒಂದಿಷ್ಟೂ ಬದಲಾಗುವುದಿಲ್ಲ. ಎಷ್ಟು ಕರೆಂಟು ಅಂತ ಮೀಟರಿಗೆ ಗೊತ್ತು, ಯಾರ ಕೋಣೆಯದು ಅಂತ ಗೊತ್ತಿಲ್ಲ. ನಲವತ್ತು ಮಣಿಗೆ ಒಂದು ಗೆರೆ, ಅತ್ತೆ ನೆಮ್ಮದಿಯಾಗಿ ನಿದ್ದೆ ಹೋಗುತ್ತಿದ್ದರು. ನಾನು ಬಾಗಿಲ ಸಂದಿಗೆ ಹಳೇ ಸೀರೆ ತುರುಕಿ ಓದುತ್ತಿದ್ದೆ. ಮಾವನವರು ಏಳುವ ಹೊತ್ತು ನನಗೆ ಗೊತ್ತಿತ್ತು, ಹನ್ನೊಂದೂವರೆ ಸುಮಾರಿಗೆ ಒಂದು ಸಲ, ಮೂರಕ್ಕೆ ಇನ್ನೊಂದು. ಕೆಮ್ಮು ಕೇಳಿದ ಕೂಡಲೇ ಎರಡೂ ಸ್ವಿಚ್ಚು ಅದಲು ಬದಲು ಮಾಡಿಬಿಡುತ್ತಿದ್ದೆ. ಎರಡು ತಿಂಗಳು ಹೀಗೇ ನಡೆಯಿತು. ಒಳಗೊಳಗೇ ಹೆಮ್ಮೆ ಬೇರೆ.

ಮಾವನವರು ಬಿದ್ದ ಕತೆ, ಸೊಂಟ, ಆಮೇಲೆ ಕೋಲು ಹಿಡಿದ ಹದಿನಾಲ್ಕು ವರ್ಷ, ಇದೆಲ್ಲ ಮನೆಯಲ್ಲಿ ಎಲ್ಲರಿಗೂ ಗೊತ್ತು. ಓಣಿಯ ಬಲ್ಬು ಹೋಗಿತ್ತು, ಮೆಟ್ಟಿಲು ಕಾಣಲಿಲ್ಲ, ಬಿದ್ದರು. ನಿಮ್ಮಮ್ಮ ನಿನಗೆ ಹೇಳಿರುವುದೂ ಹಾಗೇ.

ಬಲ್ಬು ಹೋಗಿರಲಿಲ್ಲ ಪುಟ್ಟಿ.

ಅವತ್ತು ಅವರು ಕೆಮ್ಮಲಿಲ್ಲ. ಒಂದೂವರೆಗೇ ಎದ್ದಿದ್ದರು. ಸದ್ದು ಕೇಳಿ ನಾನೇ ಮೊದಲು ಓಡಿದ್ದು. ಕತ್ತಲಲ್ಲಿ ಅವರು ಅಮ್ಮಾ ಅನ್ನುತ್ತಿದ್ದಾರೆ, ಒಳಗೆ ಎಲ್ಲರೂ ಏಳುತ್ತಿದ್ದಾರೆ, ನಾನು ಅವರನ್ನು ಹಿಡಿದು ಎತ್ತುವ ಬದಲು ಮೊದಲು ಏನು ಮಾಡಿದೆ ಗೊತ್ತಾ? ನನ್ನ ದೀಪ ಆರಿಸಿದೆ. ಓಣಿಯ ಬಲ್ಬಿಗೆ ಕೈ ಎಟುಕುತ್ತಿತ್ತು, ಅದನ್ನು ಹೋಲ್ಡರಿನಲ್ಲಿ ಸ್ವಲ್ಪ ತಿರುಗಿಸಿ ಸಡಿಲ ಮಾಡಿದೆ. ಆಮೇಲೆ ಸ್ವಿಚ್ಚು ಹಾಕಿ, "ಅಯ್ಯೋ ಬಲ್ಬು ಹೋಗಿದೆ" ಅಂತ ಕೂಗಿದೆ. ಬಲ್ಬು ಕೈಗೆ ತಣ್ಣಗಿತ್ತು. ಆ ತಣ್ಣನೆ ಗಾಜು ಈಗಲೂ ಬೆರಳಿಗೆ ಗೊತ್ತಾಗುತ್ತದೆ.

ಬೆಳಿಗ್ಗೆ ದೊಡ್ಡಪ್ಪ ಹೊಸ ಬಲ್ಬು ತಂದು ಹಾಕಿದರು. ಚೆನ್ನಾಗಿದ್ದ ಆ ಬಲ್ಬನ್ನು ಬಿಸಾಡುತ್ತೇನೆ ಅಂತ ತೆಗೆದುಕೊಂಡು ಹೋಗಿ ಟ್ರಂಕಿನಲ್ಲಿ ಧಾರೆ ಸೀರೆಯ ಮಡಿಕೆಯೊಳಗೆ ಬಚ್ಚಿಟ್ಟೆ. ಬಿಸಾಡಿದರೆ ಯಾರಾದರೂ ಎತ್ತಿ ಹಾಕಿ ನೋಡಿಯಾರು ಅನ್ನುವ ಹೆದರಿಕೆ. ಪರೀಕ್ಷೆ ಬರೆದೆ, ಪಾಸೂ ಆದೆ, ಕೆಲಸವೂ ಸಿಕ್ಕಿತು. ಆ ಸಂಬಳದಲ್ಲಿ ಮಾವನವರ ಔಷಧಿಗೆ ತಿಂಗಳು ತಿಂಗಳು ಕೊಟ್ಟಿದ್ದೇನೆ. ಸೊಸೆ ಅಂದರೆ ಹೀಗಿರಬೇಕು ಅಂತ ಬಂದವರೆಲ್ಲ ಹೊಗಳುತ್ತಿದ್ದರು. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದೆ.

1989ರಲ್ಲಿ ಅತ್ತೆ ಹಾಸಿಗೆ ಹಿಡಿದರು. ಕಡೇ ತಿಂಗಳು ನನ್ನ ಕೈಯಿಂದಲೇ ಎಲ್ಲಾ. ಒಂದು ಸಂಜೆ ಗಂಜಿ ಕುಡಿಸುತ್ತಿದ್ದೆ. ಸೂರು ನೋಡಿಕೊಂಡು ಹೇಳಿದರು: "ಆವತ್ತು ಬಲ್ಬು ಹೋಗಿತ್ತು ಅಂದೆಯಲ್ಲ. ಅವರು ಬೀಳೋಕೆ ಮುಂಚೆ ನಾನು ಎಚ್ಚರವಾಗಿದ್ದೆ. ಚಕ್ರ ತಿರುಗ್ತಾನೇ ಇತ್ತು."

ಚಮಚ ಕೈಯಲ್ಲೇ ನಿಂತಿತು. ಅವರು ಇನ್ನೊಂದು ಮಾತು ಆಡಲಿಲ್ಲ. ಬಾಯಿ ತೆರೆದರು, ಗಂಜಿ ಹಾಕು ಅನ್ನುವ ಹಾಗೆ. ಹಾಕಿದೆ.

ಹದಿನೈದು ವರ್ಷ ಗೊತ್ತಿದ್ದೂ ಯಾಕೆ ಸುಮ್ಮನಿದ್ದರು? ನಾನು ಕೇಳಲಿಲ್ಲ, ಹನ್ನೆರಡು ದಿನಕ್ಕೆ ಅವರು ಹೋದರು. ದೊಡ್ಡಪ್ಪನಿಗೂ ಹೇಳಲಿಲ್ಲ. ಹೇಳೋಣ ಅಂದುಕೊಳ್ಳುವಷ್ಟರಲ್ಲಿ ಅವರೂ ಇಲ್ಲ. ಇವತ್ತು ನಿನಗೆ ಹೇಳುತ್ತಿದ್ದೇನೆ. ಮೊದಲೇ ಅತ್ತೆಯ ಹತ್ತಿರ ಹೋಗಿ, ಓದಬೇಕು, ರಾತ್ರಿ ಎರಡು ಗಂಟೆ ದೀಪ ಕೊಡಿ ಅಂತ ಕೇಳಿದ್ದರೆ ಕೊಡುತ್ತಿದ್ದರು ಅಂತ ಕತೆ ಕಟ್ಟುವುದಿಲ್ಲ. ಕೊಡುತ್ತಿರಲಿಲ್ಲ. ರಾದ್ಧಾಂತ ಮಾಡುತ್ತಿದ್ದರು. ಆದರೆ ಓಣಿಯ ದೀಪ ಉರಿಯುತ್ತಿತ್ತು.

ನನ್ನ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ, ಇದನ್ನು ನಿನ್ನ ಅತ್ತಿಗೆಯೇ ನಿನಗೆ ಹೇಳಿರಬಹುದು. ಇಷ್ಟೆಲ್ಲ ಅನುಭವಿಸಿದವಳು, ಮಗನ ಮದುವೆಯಾದ ಹೊಸತರಲ್ಲಿ ನೀರು ಕುಡಿಯಲು ಎದ್ದಾಗಲೆಲ್ಲ ಅವಳ ಬಾಗಿಲ ಕೆಳಗಿನ ಬೆಳಕಿನ ಗೆರೆ ನೋಡುತ್ತಿದ್ದೆ. ಇನ್ನೂ ಮಲಗಿಲ್ಲವಲ್ಲ ಇವಳು ಅಂತ. ಒಂದು ದಿನ ಅವಳೇ, "ಅತ್ತೆ, ಆಫೀಸಿನ ಕೆಲಸ ಇರುತ್ತೆ, ನೀವು ಮಲಕೊಳ್ಳಿ" ಅಂದಳು. ಎಷ್ಟು ಸಲೀಸಾಗಿ ಅಂದಳು! ಆ ಮಾತು ನನಗೆ ಯಾವತ್ತಾದರೂ ಬಾಯಿಗೆ ಬಂದಿತ್ತಾ?

ಈಗ ನಿನ್ನ ದೀಪಕ್ಕೆ ಬರುತ್ತೇನೆ. ಯಾಕೆ ಉರಿಯುತ್ತದೆ ಅಂತ ನಾನು ಕೇಳುವುದಿಲ್ಲ. ಓದುತ್ತಿರಬಹುದು, ಹೊಲಿಯುತ್ತಿರಬಹುದು, ನಿದ್ದೆ ಬಾರದೆ ಸುಮ್ಮನೆ ಕೂತಿರಬಹುದು. ಕೊನೆಯದಾದರೆ ಮಾತ್ರ ನನಗೆ ಹೇಳು. ನಾನೇ ಬಸ್ಸು ಹತ್ತಿ ಬರುತ್ತೇನೆ.

ಹಳೇ ಮೇಡಮ್ಮಿನ ಲೆಕ್ಕ ಒಂದು ಕೇಳು. ನಿನ್ನ ಕೋಣೆಯ ಎಲ್‌ಇಡಿ ಬಲ್ಬು 9 ವ್ಯಾಟಿನದು ಇರಬೇಕು. ಅರ್ಧ ಗಂಟೆಗೆ ಅದು ಎಳೆಯುವುದು ನಾಲ್ಕೂವರೆ ವ್ಯಾಟ್ ಅವರ್, ಯೂನಿಟ್ಟಿನ ಇನ್ನೂರರಲ್ಲಿ ಒಂದು ಪಾಲೂ ಇಲ್ಲ. ಕೆಳಗೆ ಮೇಲೆ ಎರಡಕ್ಕೂ ಒಂದೇ ಮೀಟರು ಇರುವವರೆಗೆ, ಕೆಳಗಿನ ಫ್ರಿಜ್ಜು ಒಂದು ಸಲ ಗುರ್ ಅಂತ ಶುರುವಾಗಿ ನಿಂತರೆ ಅದರಲ್ಲಿ ನಿನ್ನ ಬಲ್ಬು ಮುಳುಗಿಹೋಗುತ್ತದೆ. ನಮ್ಮತ್ತೆಯ ಕಾಲದ 40 ವ್ಯಾಟಲ್ಲ ಇದು. ಐರನ್ ಬಾಕ್ಸು ಕಾಣುತ್ತದೆ, ಗೀಸರ್ ಕಾಣುತ್ತದೆ, ಯಾರೂ ಮನೆಯಲ್ಲಿಲ್ಲದ್ದು ಕಾಣುತ್ತದೆ. ದೀಪ ಕಾಣುವುದಿಲ್ಲ. ಭಾವನಿಗೆ ಹಾಗೆ ಯಾರು ಹೇಳಿದರೋ, ಇಲ್ಲ ನಿನ್ನನ್ನು ಹೆದರಿಸಲಿಕ್ಕೇ ಹೇಳಿದರೋ.

ಇದನ್ನು ಬರೆದು ಪೆನ್ನು ಕೆಳಗಿಟ್ಟೆ. ಕಾಣುವುದಿಲ್ಲ ಬಿಡು ಅಂತ ಸಮಾಧಾನ ಹೇಳುವುದು ನನಗೇ ಸರಿ ಕಾಣಲಿಲ್ಲ. ನಾನೂ ಅದನ್ನೇ ಅಲ್ಲವೇ ಮಾಡಿದ್ದು, ಚಕ್ರಕ್ಕೆ ಗೊತ್ತಾಗದ ಹಾಗೆ.

ಅದಕ್ಕೇ ನನ್ನ ಮನಸ್ಸಿನಲ್ಲಿರುವುದು, ನಿನಗೆ ಸರಿ ಕಂಡರೆ ಮಾತ್ರ, ಮೇಲಿನ ಮನೆಗೆ ಬೇರೆ ಮೀಟರ್ ಹಾಕಿಸಿಕೊಳ್ಳಿ. ಹೊಸದಾದ್ದರಿಂದ ಸ್ಮಾರ್ಟೇ ಕೊಡುತ್ತಾರೆ, ಕೊಡಲಿ. ಬೇರೆ ಮೀಟರಿನಲ್ಲಿ ನಿನ್ನ 9 ವ್ಯಾಟು ಚೆನ್ನಾಗಿಯೇ ಕಾಣುತ್ತದೆ, ಮುಳುಗಿಸಲು ಅಲ್ಲಿ ಫ್ರಿಜ್ಜಿಲ್ಲ. ಆದರೆ ಕಾಣುವುದು ಯಾರ ಮೊಬೈಲ್ ನಂಬರು ಕೊಟ್ಟಿದ್ದೀರೋ ಅವರಿಗೆ. ಆ ಜಾಗದಲ್ಲಿ ನಿನ್ನ ನಂಬರು ಇರಲಿ. ಭಾವನವರೇ ಬಿಲ್ ಕಟ್ಟುತ್ತಾರಲ್ಲ, ಅವರದೇ ಇರಲಿ ಅಂತ ಯಾರಾದರೂ ಸಲೀಸಾಗಿ ಅಂದರೆ, ಅದೊಂದು ಕಡೆ ಮಾತ್ರ ಬಿಟ್ಟುಕೊಡಬೇಡ. ಬಿಲ್ ನೀವೇ ಕಟ್ಟಿ. ಎಷ್ಟಾದೀತು? ಹೊಸ ಮನೆಗಳಿಗೆ ಗೃಹಜ್ಯೋತಿಯಲ್ಲಿ 2023ರಲ್ಲಿ ರಾಜ್ಯದ ಸರಾಸರಿ 53 ಯೂನಿಟ್ ಅಂತ ಹಿಡಿದು ಅದರ ಮೇಲೆ ಸ್ವಲ್ಪ ಸೇರಿಸಿ ಕೊಟ್ಟಿದ್ದರು, ನಿಮ್ಮ ಎರಡು ಕೋಣೆಗೆ ಅಷ್ಟು ಸಾಕಾದೀತು. ಜಾಗ ನಿಮ್ಮ ಮಾವನವರ ಹೆಸರಿನಲ್ಲಿರುವುದರಿಂದ ಅವರ ಒಪ್ಪಿಗೆ ಪತ್ರ ಬೇಕಾಗಬಹುದು. ಅದನ್ನು ಕೇಳುವಾಗ ನಿಮ್ಮೆಜಮಾನರು ಪಕ್ಕದಲ್ಲಿರಲಿ, ನೀನೊಬ್ಬಳೇ ಹೋಗಬೇಡ. ಐದು ಸಾವಿರದ ಮಾತು ಬಂದರೆ ನನಗೆ ಬರೆ, ಪೆನ್ಷನ್ ದುಡ್ಡಿದೆ, ಇದನ್ನು ದಾನ ಅಂದುಕೊಳ್ಳಬೇಡ.

ಕೆಳಗಿನ ಮೀಟರು ಬದಲಾಯಿಸಿಯೇ ಬದಲಾಯಿಸುತ್ತಾರೆ ಅಂತಾದರೆ, ಹಳೇದು ಕೀಳುವ ಮುಂಚೆ ಕಡೇ ರೀಡಿಂಗ್ ಫೋಟೋ ತೆಗೆದಿಡಿ. ಆರ್‌ಆರ್ ನಂಬರೂ ಮೀಟರ್ ನಂಬರೂ ಅದರಲ್ಲಿ ಕಾಣಲಿ. ಗೀಸರ್, ಗ್ರೈಂಡರ್, ಐರನ್ ಎಲ್ಲಾ ಒಟ್ಟಿಗೆ ಹಾಕಬೇಡಿ, ಮಂಜೂರಾದ ಲೋಡ್ ಮೀರಿದ್ದು ಹೊಸ ಮೀಟರಿನಲ್ಲಿ ದಾಖಲಾಗುತ್ತದೆ. ಹಾಕುವುದಕ್ಕೆ ಮುಂಚಿನ ದಿನಗಳ ಲೆಕ್ಕ ತೆಗೆದು ದಂಡ ಹಾಕುವ ಹಾಗಿಲ್ಲ ಅಂತ ನಿಯಮವಿದೆ. ಏನಾದರೂ ಹೆಚ್ಚು ಕಮ್ಮಿ ಆದರೆ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೋ. ಇದೆಲ್ಲ ನಿನಗೆ ಗೊತ್ತಿರುತ್ತದೆ, ನನಗಿಂತ ಚೆನ್ನಾಗಿ. ಹೇಳದಿದ್ದರೆ ಕಾಗದ ಅರ್ಧ ಅನ್ನಿಸುತ್ತದೆ, ಅದಕ್ಕೆ.

ದೀಪ ಯಾಕೆ ಉರಿಯುತ್ತದೆ ಅಂತ ನಿಮ್ಮೆಜಮಾನರಿಗೆ ಗೊತ್ತಾ? ಗೊತ್ತಿಲ್ಲದಿದ್ದರೆ ಮೀಟರಿನ ಮುಂಚೆ ಅದನ್ನು ಹೇಳು. ಒಂದು ರಾತ್ರಿ ಜಗಳ ಆಗಬಹುದು. ನನ್ನ ಸೊಸೆಯ ಹಾಗೆ ಸಲೀಸಾಗಿ ಅನ್ನಲು ಬರದಿದ್ದರೆ ತಡವರಿಸಿಯೇ ಹೇಳು. ಅವರ ಅಣ್ಣನ ಫೋನಿನಿಂದ ಅವರಿಗೆ ಗೊತ್ತಾಗುವುದು ಬೇಡ.

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ನಿಮ್ಮಮ್ಮ ಬರುವ ವಾರ ತುಮಕೂರಿಗೆ ಬರುತ್ತಾಳಂತೆ, ಅವಳ ಕೈಯಲ್ಲೇ ಕೊಡುತ್ತೇನೆ. ಜೊತೆಗೆ ಹುಣಸೆಹಣ್ಣು, ಈ ವರ್ಷದ್ದು, ಬೀಜ ತೆಗೆದದ್ದು. ಅವಳು ಅಂಟಿಸಿದ ಕವರ್ ಬಿಚ್ಚುವವಳಲ್ಲ. ಬಿಚ್ಚಿದರೆ ಬಿಚ್ಚಲಿ, ಓದಲಿ, ನನಗೂ ಸಾಕಾಗಿದೆ. ನೀನು ಉತ್ತರ ಬರೆಯುವಾಗ ಮುಖ್ಯವಾದದ್ದನ್ನು ಅಂಟಿನ ಮಡಿಕೆಯಲ್ಲಿ ಬರೆಯಬೇಡ, ಹರಿದುಹೋಗುತ್ತದೆ. ಕಾಗದದ ನಡುವೆಯೇ ಬರೆ.

ಇನ್ನೊಂದು. ನಿಮ್ಮ ಮಾವನವರು ಈಗಲೂ ಬೆಳಕು ಹರಿಯುವ ಮುಂಚೆ ತುಳಸಿಗೆ ನೀರು ಹಾಕಲು ತಾರಸಿಗೆ ಹತ್ತುತ್ತಾರೆ ಅಂತ ನಿಮ್ಮಮ್ಮ ಹೇಳಿದಳು. ಆ ಮೆಟ್ಟಿಲಿನ ದೀಪದ ಸ್ವಿಚ್ಚು ನಿಮ್ಮ ಬಾಗಿಲ ಹತ್ತಿರವೇ ಅಲ್ಲವೇ ಇರುವುದು? ಯಾರ ಮೀಟರಿಗೆ ಬಂದರೂ ಬರಲಿ, ಅದನ್ನು ಆರಿಸಬೇಡ.

ನಿನ್ನ
ದೊಡ್ಡಮ್ಮ